ಕುವೈತ್ ಗೆರೆಯಲ್ಲಿ ಅಮ್ಮ

"ಸಾರ್, ಆ ಗೆರೆಯಾಗೆ ನಾನೂ ಇದೀನಿ!"

ಬಂಗಾರಪೇಟೆಯ ನಮ್ಮ ಕಾಲೇಜಿನಲ್ಲಿ, ಪೋಷಕರ ಸಭೆಯ ನಡುವೆ ಅಮ್ಮ ಎದ್ದು ನಿಂತೇಬಿಟ್ಟಳು. ಜನ ದೇಶದಿಂದ ದೇಶಕ್ಕೆ ವಲಸೆ ಹೋಗುವುದರ ಅಂದಾಜು ಸಿಗುವ ಜಾಲತಾಣವನ್ನು ವಿದ್ಯಾರ್ಥಿಗಳ ಪರವಾಗಿ ನಾನು ಪರದೆಯ ಮೇಲೆ ತೋರಿಸುತ್ತಿದ್ದೆ. 'ಹೆಂಗಸರು' ಎಂದು ಆರಿಸಿದಾಗ ಭಾರತದಿಂದ ಕುವೈತ್‌ಗೆ ಗೆರೆಯೊಂದು ಮೂಡಿತ್ತು.

ಕುವೈತ್‌ನಲ್ಲಿ ಮನೆಗೆಲಸ ಮಾಡಿ ಬಂದವಳೆಂದು ನಮ್ಮೂರು ಕ್ಯಾಸಂಬಳ್ಳಿಯಲ್ಲಿ ಕೆಲವರು ಅಮ್ಮನನ್ನು ಆಡಿಕೊಳ್ಳುತ್ತಿದ್ದರು. ಅದಕ್ಕೇ ಅಮ್ಮ ಆ ಮಾತೆತ್ತುತ್ತಲೇ ಇರಲಿಲ್ಲ. ಈಗ ಸಭೆ ನಡೆಸುತ್ತಿದ್ದ ಮೇಷ್ಟ್ರು ಮೈಕನ್ನೇ ಅವಳ ಕೈಗಿತ್ತರು.

"ಒಬ್ಳೇ ಇಮಾನ ಅತ್ಕೊಂಡು ಓಗಿದ್ದೆ. ಅರಬ್ಬಿ ಕಲ್ತೆ. ದುಡಿದು ಇವಳ್ನ ಓದಿಸ್ದೆ. ನಾಚ್ಕೆ ಯಾಕೆ?"

ಇಡೀ ಸಭೆ ಎದ್ದು ಚಪ್ಪಾಳೆ ತಟ್ಟಿತು.

ಈಗ ಹೊರದೇಶಕ್ಕೆ ಹೊರಟ ಹೆಣ್ಣುಮಕ್ಕಳು ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಪಾಸ್‌ಪೋರ್ಟನ್ನು ಯಾರ ಕೈಗೂ ಬಿಟ್ಟುಕೊಡಬೇಡಿ ಎಂಬಲ್ಲಿಂದ ಅಮ್ಮ ಪಾಠ ಶುರುಮಾಡುತ್ತಾಳೆ.