ಕೆಂಪು ಪಾಂಡಾದ ಬಾಣಂತನ

ನಾನು ಕೆಲಸ ಮಾಡುವ ಮೃಗಾಲಯದಲ್ಲಿ ಕೆಂಪು ಪಾಂಡಾ ಮರಿ ಹಾಕಿದ ಬೇಸಿಗೆಯಲ್ಲಿ, ನನ್ನ ದೆಸೆಯಿಂದಲೇ ಆ ಮರಿ ತಾಯಿಯಿಂದ ದೂರವಾಗುವುದರಲ್ಲಿತ್ತು. ಈಗ ನಗುತ್ತಾ ಹೇಳುತ್ತೇನೆ. ಆಗ ಮಾತ್ರ ಜೀವ ಬಾಯಿಗೆ ಬಂದಿತ್ತು.

ನಾವು ಬಂದು ನೆಲೆಸಿರುವ ಈ ಕೀವಿಗಳ ನಾಡಿನಲ್ಲಿ, ಪಾಪಟೊಯಿಟೊಯಿ ಎಂಬ ನಮ್ಮ ಬಡಾವಣೆಯಿಂದ ಬೆಳಗಿನ ರೈಲು ಹಿಡಿದು ಹೋಗಿ, ಪ್ರಾಣಿಗಳ ಅಡುಗೆಮನೆಯಲ್ಲಿ ಹಣ್ಣು ಹೆಚ್ಚುವುದು, ಬಿದಿರು ಕತ್ತರಿಸಿ ಆವರಣಗಳಿಗೆ ಒಯ್ದು ಇಡುವುದು ನನ್ನ ಕೆಲಸ. ಪಾಂಡಾ ಎಂದರೆ ಎಲ್ಲರಿಗೂ ಆ ದೊಡ್ಡ ಕಪ್ಪುಬಿಳುಪಿನದೇ ನೆನಪಾಗುತ್ತದೆ. ನಮ್ಮದು ಬೆಕ್ಕಿಗಿಂತ ತುಸು ದೊಡ್ಡದು, ಇಟ್ಟಿಗೆ ಬಣ್ಣ, ಪಟ್ಟೆ ಪಟ್ಟೆ ಬಾಲ. ಕಾಡಿನಲ್ಲಿ ಇವು ಕಡಿಮೆಯಾಗುತ್ತಿರುವುದರಿಂದ ಬೇರೆ ಬೇರೆ ದೇಶಗಳ ಮೃಗಾಲಯಗಳು ಸೇರಿ ವಂಶಾವಳಿಯ ಪುಸ್ತಕ ಇಟ್ಟುಕೊಂಡು, ಯಾವ ಹೆಣ್ಣಿಗೆ ಯಾವ ಗಂಡು ಎಂದು ನಿಶ್ಚಯಿಸುತ್ತವೆ. ಹತ್ತಿರದ ರಕ್ತಸಂಬಂಧ ಕೂಡದು. ಗೋತ್ರ ನೋಡುವ ನಮ್ಮವರೂ ಇಷ್ಟು ಕಟ್ಟುನಿಟ್ಟಲ್ಲ! ಹಾಗೆ ಪರವೂರಿನಿಂದ ಕರೆಸಿದ ಗಂಡನ್ನು ನಮ್ಮವಳು ಎರಡು ವರ್ಷ ಮೂಸಿಯೂ ನೋಡಲಿಲ್ಲ. ಅವಳನ್ನು ‘ಅದು’ ಎನ್ನಲು ನನಗೆ ಬಾಯಿ ಬರುವುದಿಲ್ಲ. ಮೂರನೆಯ ವರ್ಷ ಅದೇನು ಮನಸ್ಸು ಬಂತೋ, ಇಲ್ಲಿ ಬೇಸಿಗೆ ಕಾಲಿಡುವ ಡಿಸೆಂಬರಿನಲ್ಲಿ ಒಂದೇ ಒಂದು ಮರಿ ಹಾಕಿದಳು.

ಮನೆಯಲ್ಲಿ ಹೇಳಿದ್ದೇ ತಡ, ನಮ್ಮ ಜೊತೆಗಿರುವ ಅತ್ತೆ ಎದ್ದು ಕೂತರು. ನನ್ನ ಎರಡೂ ಬಾಣಂತನ ಮಾಡಿದವರು ಅವರೇ. “ಬಾಣಂತಿ ಹೊಟ್ಟೆ ಖಾಲಿ ಬಿಡ್ಬಾರ್ದು ಕಣೇ. ಹೊತ್ತು ಹೊತ್ತಿಗೂ ತಾಜಾ ಹಾಕು, ಕೈ ಬಿಚ್ಚಿ ಹಾಕು,” ಎಂದರು.

ದಿನಕ್ಕೆರಡು ಸಲ ಬಿದಿರು ಇಡಬೇಕೆಂದು ಗೋಡೆಯ ಮೇಲಿನ ಚೀಟಿಯಲ್ಲಿ ಬರೆದಿತ್ತು. ನಾನು ಯಾರಿಗೂ ಹೇಳದೆ ಐದು ಸಲ, ಆರು ಸಲ ಹೋದೆ. ಎಳೆ ಎಲೆ ಆರಿಸಿ ಒಯ್ದೆ. ಹೋದಾಗಲೆಲ್ಲ ಗೂಡಿನ ಪೆಟ್ಟಿಗೆಯ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತು, “ಏನಮ್ಮಾ, ಊಟ ಆಯ್ತಾ?” ಎಂದು ಮಾತಾಡಿಸಿಯೂ ಬರುತ್ತಿದ್ದೆ.

ತಾಯಿ ತಿನ್ನಲು ಹೊರಬಂದಾಗ ನನ್ನ ಮೇಲಧಿಕಾರಿ ಮರಿಯನ್ನು ತೂಗುತ್ತಿದ್ದಳು. ಇವಳು ನನ್ನ ಮಗಳ ವಯಸ್ಸಿನ ಕೀವಿ ಹುಡುಗಿ. ಮೊದಲ ವಾರ ಏರಿದ ತೂಕ ಎರಡನೆಯ ವಾರ ನಿಂತುಬಿಟ್ಟಿತು, ಆಮೇಲೆ ಇಳಿಯತೊಡಗಿತು. ತಾಯಿ ಮರಿಯ ಕತ್ತು ಕಚ್ಚಿಕೊಂಡು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಸಾಗಿಸುತ್ತಲೇ ಇದ್ದಳು. ಪಾಪ, ಕಣ್ಣೂ ಬಿಡದ ಕೂಸಿಗೆ ಹಾಲು ಕುಡಿಯಲು ಪುರುಸೊತ್ತೇ ಇಲ್ಲ. ಹುಲ್ಲು ಕತ್ತರಿಸುವ ಯಂತ್ರದ ಸದ್ದಿಗೆ ಹೆದರಿರಬಹುದು ಎಂದಳು ಹುಡುಗಿ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಹೋಗಿ ತೋಟದವನನ್ನು ದಬಾಯಿಸಿ ಬಂದೆ. ಆದರೂ ತೂಕ ಏರಲಿಲ್ಲ. ಮರುದಿನವೂ ಇಳಿದರೆ ಮರಿಯನ್ನು ಎತ್ತಿಕೊಂಡು ಬಾಟಲಿ ಹಾಲಿನಲ್ಲಿ ಸಾಕುವುದೆಂದು ತೀರ್ಮಾನವಾಯಿತು. ಹಾಗೆ ಎತ್ತಿದ ಮರಿಯನ್ನು ತಾಯಿ ಮತ್ತೆ ಹತ್ತಿರ ಸೇರಿಸುವುದು ಅನುಮಾನ.

ಆ ಮಧ್ಯಾಹ್ನ ಹುಡುಗಿ ಗೂಡಿನೊಳಗಿನ ಕ್ಯಾಮೆರಾದ ದೃಶ್ಯಗಳನ್ನು ನೋಡುತ್ತಿದ್ದಳು. ನಾನು ಅವಳ ಹಿಂದೆ ನಿಂತೆ. ಮರಿ ಮೊಲೆಗೆ ಬಾಯಿ ಹಾಕಿದೆ. ಥಟ್ಟನೆ ತಾಯಿಯ ಕಿವಿ ನಿಮಿರುತ್ತದೆ, ಮರಿಯನ್ನು ಕಚ್ಚಿಕೊಂಡು ಎದ್ದುಬಿಡುತ್ತಾಳೆ. ಇನ್ನೊಂದು ದಿನದ್ದು ಹಾಕಿದಳು. ಅಲ್ಲೂ ಅದೇ ಕಥೆ. ಹುಡುಗಿಗೆ ಏನೂ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ಕಿವಿ ನಿಮಿರುವ ಮೊದಲು ಪ್ರತಿಸಲವೂ ಸಣ್ಣದಾಗಿ ಘಲ್ ಎನ್ನುತ್ತಿತ್ತು, ನನ್ನ ಗಾಜಿನ ಬಳೆ.

ಎರಡೂ ಕೈ ಬೆನ್ನ ಹಿಂದೆ ಹೋದವು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ಕೆಲಸ ಹೋಗಬಹುದು. ಆದರೆ ಪರದೆಯ ಮೇಲೆ ತಾಯಿಯ ಬಾಯಲ್ಲಿ ಜೋತಾಡುತ್ತಿದ್ದ ಮರಿ ಇನ್ನೂ ಹಾಲಿಗಾಗಿ ಬಾಯಿ ಆಡಿಸುತ್ತಿತ್ತು. ನೋಡಲಾಗಲಿಲ್ಲ ನನಗೆ. “ಅದು ನಾನೇ,” ಎಂದು ಬಾಯಿಬಿಟ್ಟೆ.

ಹುಡುಗಿ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮರಿಯನ್ನು ಎತ್ತುವುದನ್ನು ಒಂದು ದಿನ ಮುಂದೂಡುತ್ತೇನೆ, ನೀನು ಮಾತ್ರ ಆ ಬೇಲಿಯ ಕಡೆ ಸುಳಿಯಬೇಡ ಎಂದಳು.

ಮನೆಗೆ ಬಂದು ಅತ್ತೆಗೆ ಹೇಳಿದೆ. “ಅಯ್ಯೋ ರಾಮ! ಬಾಣಂತಿ ಕೋಣೆಗೆ ಹಂಗೆ ನುಗ್ತಾರೇನೇ?” ಎಂದರು. ನನಗೆ ಉರಿದುಹೋಯಿತು.

“ಹೊತ್ತು ಹೊತ್ತಿಗೂ ಹಾಕು ಅಂದೋರು ಯಾರು ಅತ್ತೆ?”

“ಹಾಕು ಅಂದೆ. ಅಲ್ಲೇ ನಿಂತ್ಕೊಂಡು ಹರಟೆ ಹೊಡಿ ಅಂದ್ನಾ?”

ಬಿದಿರು ಬರೀ ನೆಪ. ಮರಿಯನ್ನು ಒಂದು ಸಲ ಕಣ್ತುಂಬ ನೋಡಬೇಕೆಂಬ ಚಪಲ ನನಗೆ.

ಎರಡು ದಿನ ಮೃಗಾಲಯದ ಅಡುಗೆಮನೆ ಬಿಟ್ಟು ಕದಲಲಿಲ್ಲ. ತೋಟದವನ ಹತ್ತಿರ ಹೋಗಿ ತಪ್ಪಾಯಿತು ಎಂದೆ, ಅವನು ನಕ್ಕುಬಿಟ್ಟ. ಎರಡನೆಯ ದಿನ ಪೆಂಗ್ವಿನ್‌ಗಳ ಮೀನನ್ನು ಬಕೆಟ್ಟಿಗೆ ತುಂಬುತ್ತಿದ್ದಾಗ ಹುಡುಗಿ ಓಡುತ್ತಾ ಬಂದಳು. ತೂಕ ಏರಿದೆ, ಮರಿ ತಾಯಿಯ ಹತ್ತಿರವೇ ಇರುತ್ತದೆ ಎಂದಳು. ನಾನು ಮೀನಿನ ಕೈಯಲ್ಲೇ ಅವಳನ್ನು ತಬ್ಬಿಕೊಂಡು ಗಳಗಳ ಅತ್ತೆ. ಅವಳ ಕೂದಲಿಗೆಲ್ಲ ಮೀನಿನ ವಾಸನೆ.

ಮೂರು ತಿಂಗಳಾದ ಮೇಲೆ ಮರಿ ಗೂಡಿನಿಂದ ಹೊರಬಂತು. ರಜೆಯ ದಿನ ಅತ್ತೆಯನ್ನು ಕರೆದುಕೊಂಡು ಹೋಗಿ, ಜನರ ಮಧ್ಯೆ ಬೇಲಿಯಾಚೆ ನಿಂತು ಮೊದಲ ಸಲ ಅದನ್ನು ಕಣ್ಣಾರೆ ಕಂಡೆ. ಕೊಂಬೆಯ ಮೇಲೆ ಅಮ್ಮನ ಬಾಲ ಹಿಡಿದು ಎಳೆಯುತ್ತಿತ್ತು, ತುಂಟ ಮುಂಡೇದು. ಅಮ್ಮ ತಲೆಯೆತ್ತಿ ನಮ್ಮತ್ತ ನೋಡಿದಳು. ನಾನು ಉಸಿರು ಬಿಗಿಹಿಡಿದೆ. ಅವಳು ಮತ್ತೆ ಎಲೆ ಅಗಿಯತೊಡಗಿದಳು.

“ಎಷ್ಟು ಮುದ್ದಾಗಿದೆಯೇ! ಇನ್ನೊಂದು ಸ್ವಲ್ಪ ಹತ್ತಿರ ಹೋಗೋಣ್ವಾ?” ಎಂದರು ಅತ್ತೆ.

ನನಗೂ ಅದೇ ಆಸೆಯಿತ್ತು. ಅವರ ಕೈ ಹಿಡಿದು ಹೊರಗಿನ ದಾರಿಗೆ ತಿರುಗಿಸಿದೆ.