ಗಾಳಿ ಇಲ್ಲದ ಬೆಳಿಗ್ಗೆ

ಇಚಿಲಂಪಾಡಿಯ ರಬ್ಬರ್ ಗುಡ್ಡಕ್ಕೆ ಎಲೆರೋಗ ಬಂದಾಗ ಗಂಧಕದ ಪುಡಿ ಹಾರಿಸಲು ನನ್ನನ್ನು ಕಳಿಸಿದ್ದರು. ಗಾಳಿ ಇಲ್ಲದಿದ್ದರೆ ಪುಡಿ ಅಲ್ಲೇ ಕೂರುತ್ತದೆಂದು ತರಬೇತಿಯಲ್ಲಿ ಕಲಿಸಿದ್ದರು. ಆ ಬೆಳಿಗ್ಗೆ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ.

ಗುಡ್ಡದ ಬುಡದಲ್ಲಿ ಒಣಮೀನಿನ ಅಂಗಡಿ ಇಟ್ಟಿದ್ದ ಅದ್ರಾಮ ಬ್ಯಾರಿಗಳು ಹತ್ತಿ ಬಂದು ಬೀಡಿ ಹಚ್ಚಿದರು. ಹೊಗೆ ಮೆಲ್ಲಗೆ ಕೆಳಕ್ಕೆ ಜಾರಿತು.

"ಬೆಳಿಗ್ಗೆಯ ತಂಪು ಕೆಳಗೆ ಇಳಿಯುದು ಮಾರಾಯ್ರೆ. ಬಿಸಿಲು ಬರಲಿ. ಕೆಳಗೆ ನನ್ನ ಮೀನು ಉಂಟು."

ಬಿಸಿಲಿಗೆ ಇಬ್ಬನಿ ಆರಿದರೆ ಪುಡಿ ಎಲೆಗೆ ಅಂಟುವುದಿಲ್ಲವೆಂದು ಹೇಳಿ ಯಂತ್ರ ಚಾಲೂ ಮಾಡಿದೆ. ಪುಡಿ ದಾರಿ ಗೊತ್ತಿದ್ದವರ ಹಾಗೆ ಇಳಿದುಹೋಯಿತು.

ನಾನು ಅಂಗಡಿಗೆ ಓಡಿಹೋದಾಗ ಅವರು ಆಗಲೇ ಇಳಿದು ಬಂದು ಹಳದಿಯಾದ ಮೀನು ಕೊಡವುತ್ತಿದ್ದರು. "ನೀವು ಹೊಸಬರಲ್ಲವಾ, ಕೂತ್ಕೊಳ್ಳಿ" ಎಂದು ಸ್ಟೂಲು ಒರೆಸಿಕೊಟ್ಟರು.

ವರದಿಯಲ್ಲಿ ಗಾಳಿಯ ವೇಗ 'ಇಲ್ಲ' ಎಂದೇ ಬರೆದೆ. ದಿಕ್ಕು ಎಂಬಲ್ಲಿ 'ಅದ್ರಾಮರ ಅಂಗಡಿ' ಎಂದು ಬರೆದೆ.