ಬೆಲ್ಟ್ ಬಿಚ್ಚಿದ್ದ ಪ್ರೆಸ್ಸು

ದೆವ್ವ, ದೃಷ್ಟಿ, ಶಾಂತಿ ಎಂದವರನ್ನು ನಾನು ಎದುರಿಗೇ ಗೇಲಿ ಮಾಡುತ್ತಿದ್ದೆ. ಈಗಲೂ ಅವೆಲ್ಲ ಇವೆ ಎನ್ನುವುದಿಲ್ಲ. ಆದರೆ ಗೇಲಿ ಮಾಡುವ ಧೈರ್ಯ ಹೋಗಿದೆ. ನೀವು ನಂಬಲೇಬೇಕೆಂದೇನಿಲ್ಲ, ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಹೊಸೂರಿನ ಸುತ್ತ ಕಾರ್ಖಾನೆಗಳು ಏಳುತ್ತಿದ್ದವು. ನಾನು, ನನ್ನ ತಮ್ಮ ಮುನಿರಾಜು ಸೇರಿ ಸೂಳಗಿರಿಯಲ್ಲಿ ಶೆಡ್ ಹಾಕಿ, ಅವುಗಳಿಗೆ ವಾಷರ್ ಹೊಡೆದುಕೊಡುವ ಕೆಲಸ ಹಿಡಿದೆವು. ತಗಡನ್ನು ಒಂದೇ ಏಟಿಗೆ ಕತ್ತರಿಸುವ ಹೊಸ ಪ್ರೆಸ್ಸು ನಮ್ಮ ಕೈಗೆಟುಕುವಂಥದ್ದಲ್ಲ. ಕೃಷ್ಣಗಿರಿಯಲ್ಲಿ ಮುಚ್ಚಿಹೋಗಿದ್ದ ಒಂದು ವರ್ಕ್‌ಶಾಪಿನಿಂದ ಹಳೆಯದನ್ನೇ ಲಾರಿಗೆ ಹಾಕಿಸಿಕೊಂಡು ಬಂದೆವು. ಮಾರಿದ ಮುದುಕ ಲಾರಿ ಹೊರಡುವಾಗ, "ತಂಬಿ, ಬೂದುಗುಂಬಳ ಒಡೀದೆ ಇದನ್ನ ಓಡಿಸ್ಬ್ಯಾಡಿ" ಅಂದ. ಯಾಕೆಂದರೆ ಹೇಳಲಿಲ್ಲ. ಅಮ್ಮ ಇದನ್ನು ಕೇಳಿದ್ದೇ ತಡ, ಕುಂಬಳಕಾಯಿ ತರಿಸಿದಳು. "ಮಿಷನ್‌ಗೆ ಬೇಕಾಗಿರೋದು ಗ್ರೀಸು ಕಣಮ್ಮ" ಎಂದು ನಾನು ಅದನ್ನು ಮಜ್ಜಿಗೆಹುಳಿ ಮಾಡಿಸಿ ಉಂಡೆ.

ಒಂದು ತಿಂಗಳು ಪ್ರೆಸ್ಸು ಚೆನ್ನಾಗಿಯೇ ಓಡಿತು. ಒಂದು ಬೆಳಗ್ಗೆ ಡೈಯಲ್ಲಿ, ಅಂದರೆ ಏಟು ಬೀಳುವ ಕೆಳಗಿನ ಅಚ್ಚಿನಲ್ಲಿ, ತಗಡಿನ ಚೂರು ಸಿಕ್ಕಿಕೊಂಡಿತು. ನಾನು ಮೇನ್ ಸ್ವಿಚ್ ಇಳಿಸಿದೆ. ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡೆ. ಮೋಟಾರಿನ ಬೆಲ್ಟನ್ನೂ ಬಿಚ್ಚಿ ನೆಲಕ್ಕೆ ಹಾಕಿದೆ. ಬೆಲ್ಟು ತಿರುಗಿಸುವ ದೊಡ್ಡ ಚಕ್ರ ನಿಂತಿದೆಯೇ ಎಂದು ಮುಟ್ಟಿ ನೋಡಿದೆ, ನಿಂತಿತ್ತು. ಆಮೇಲೆ ಮುನಿರಾಜುಗೆ ನಾನೇ ಹೇಳಿದೆ: "ಫ್ಯೂಸ್ ನನ್ನ ಜೇಬಲ್ಲೈತೆ. ಕೈ ಹಾಕು, ಏನೂ ಆಗಲ್ಲ ಕಣ್ಲಾ."

ಅವನು ಕೈ ಹಾಕಿದ. ಪ್ರೆಸ್ಸು ಒಂದೇ ಒಂದು ಏಟು ಹೊಡೆಯಿತು.

ಆಸ್ಪತ್ರೆಯಲ್ಲಿ ಬಲಗೈಯ ನಾಲ್ಕು ಬೆರಳು ತೆಗೆದರು. ಅವನಿಗೆ ಮದುವೆ ಗೊತ್ತಾಗಿತ್ತು, ಅದೂ ಮುರಿಯಿತು.

ನೋಡಲು ಬಂದ ಮೆಕ್ಯಾನಿಕ್, ಬ್ರೇಕ್ ಸಡಿಲವಾಗಿ ಮೇಲಿನ ಕಬ್ಬಿಣದ ದಿಮ್ಮಿ ತನ್ನ ಭಾರಕ್ಕೇ ಜಾರಿದೆ ಎಂದ. ಜಾರಿತು ಅಂತಲೇ ಇಟ್ಟುಕೊಳ್ಳೋಣ. ಆದರೆ ಅದು ಇಳಿದು, ಮತ್ತೆ ಮೇಲೆ ಹೋಗಿ ನಿಂತಿತ್ತು. ಯಾರೂ ಎತ್ತಲಿಲ್ಲ. ಬೆಲ್ಟ್ ನೆಲದ ಮೇಲೇ ಬಿದ್ದಿತ್ತು. ಇದನ್ನು ಹೇಳಿದಾಗ ಅವನು ಸ್ಪ್ಯಾನರುಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟುಬಿಟ್ಟ. ಆ ಪ್ರೆಸ್ಸನ್ನು ಇನ್ನೊಬ್ಬರಿಗೆ ಮಾರಲು ಮನಸ್ಸು ಬರಲಿಲ್ಲ. ಸುತ್ತಿಗೆಯಿಂದ ಒಡೆಸಿ ಗುಜರಿಗೆ ಹಾಕಿದೆ.

ಮುನಿರಾಜು ನನ್ನ ಮೇಲೆ ಒಂದು ದಿನವೂ ರೇಗಿದವನಲ್ಲ. ಮೊನ್ನೆ ಎಡಗೈಯಲ್ಲಿ ಮುದ್ದೆ ಮುರಿಯುತ್ತಾ, ಇಷ್ಟು ವರ್ಷಗಳ ಮೇಲೆ ಕೇಳಿದ: "ಅಣ್ಣಾ, ಆವತ್ತು ನೀನೇ ಯಾಕೆ ಕೈ ಹಾಕ್ಲಿಲ್ಲ?"

ಫ್ಯೂಸು, ಬೆಲ್ಟು ಎಲ್ಲ ಬಿಚ್ಚಿಟ್ಟ ಮೇಲೂ ನನ್ನ ಕೈ ಅತ್ತ ಹೋಗಿರಲಿಲ್ಲ. ಯಾಕೆಂದು ನನಗೂ ಗೊತ್ತಿಲ್ಲ.